ಹೊರಗೆ ಹೋದದ್ದು ಎಲ್ಲಿಗೆ ಹೋಯಿತು?

ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡವರಿಗೆಲ್ಲ ಆ ಮೂರು ಚಿತ್ರಗಳು ನೆನಪಿರುತ್ತವೆ. ತೆರೆದ ಲೋಟದಲ್ಲಿ ಬಿಸಿನೀರು. ಮುಚ್ಚಳ ಬಿಗಿದ ಪಾತ್ರೆಯಲ್ಲಿ ಬಿಸಿನೀರು. ಥರ್ಮಾಸ್ ಫ್ಲಾಸ್ಕಿನಲ್ಲಿ ಬಿಸಿನೀರು. ಲೋಟದಿಂದ ಆವಿಯೂ ಹೋಗುತ್ತದೆ, ಬಿಸಿಯೂ ಹೋಗುತ್ತದೆ; ಅದು ಓಪನ್ ಸಿಸ್ಟಂ. ಮುಚ್ಚಿದ ಪಾತ್ರೆಯಿಂದ ಬಿಸಿ ಮಾತ್ರ ಹೋಗುತ್ತದೆ, ನೀರು ಅಲ್ಲೇ ಉಳಿಯುತ್ತದೆ, ಅದು ಕ್ಲೋಸ್ಡ್. ಫ್ಲಾಸ್ಕಿನಿಂದ ಎರಡೂ ಹೋಗುವುದಿಲ್ಲ ಎಂದು ಇಟ್ಟುಕೊಂಡರೆ ಅದು ಐಸೋಲೇಟೆಡ್. ಪರೀಕ್ಷೆಗೆ ಇಷ್ಟು ಸಾಕು. ಆದರೆ ಆ ಮೊದಲನೇ ಚಿತ್ರ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಅದರಲ್ಲಿ ಲೋಟ ಇದೆ, ಲೋಟ ಇಟ್ಟ ಕೋಣೆ ಇಲ್ಲ. ಆವಿ ಹೋಗುವುದನ್ನು ತೋರಿಸಲು ಮೇಲಕ್ಕೆ ಎರಡು ಮೂರು ಬಾಣ ಎಳೆದಿರುತ್ತಾರೆ. ಬಾಣ ಖಾಲಿ ಹಾಳೆಯ ಮೇಲೆ ಹೋಗಿ ನಿಂತುಬಿಡುತ್ತದೆ.

ಮುಂದೆ ಬೇರೆ ಬೇರೆ ಕಡೆ ಇದೇ ಓಪನ್ ಸಿಸ್ಟಂ ಎದುರಾಯಿತು. ಸಾಫ್ಟ್‌ವೇರ್ ಕೆಲಸದಲ್ಲಿ ಅದೊಂದು ಹೊಗಳಿಕೆ. ಮ್ಯಾನೇಜ್‌ಮೆಂಟ್ ಟ್ರೈನಿಂಗ್‌ಗಳಲ್ಲಿ ಸಂಸ್ಥೆಯನ್ನು ಓಪನ್ ಸಿಸ್ಟಂ ಎಂದು ಒಂದು ಸ್ಲೈಡಿನಲ್ಲಿ ತೋರಿಸಿ ಮುಂದೆ ಹೋಗುತ್ತಾರೆ. ಜೀವಶಾಸ್ತ್ರದಲ್ಲಿ ಅದು ಬದುಕಿರುವುದರ ಲಕ್ಷಣ. ಅರ್ಥಶಾಸ್ತ್ರದಲ್ಲಿ ಒಬ್ಬರು ಅದನ್ನು ಎಚ್ಚರಿಕೆಯಾಗಿ ಬಳಸಿದ್ದಾರೆ. ಎಲ್ಲ ಕಡೆಯೂ ಒಂದು ಗೆರೆ ಇದೆ, ಗೆರೆ ದಾಟುವ ಬಾಣಗಳಿವೆ. ಒಳಗೆ ಬರುವ ಬಾಣದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಹೊರಗೆ ಹೋಗುವ ಬಾಣ ಎಲ್ಲಿ ಹೋಗಿ ಮುಟ್ಟುತ್ತದೆ ಎಂದು ಕೇಳುವವರು ಕಡಿಮೆ. ನನಗೆ ಈ ಪ್ರಶ್ನೆ ಗಟ್ಟಿಯಾಗಿ ಹಿಡಿದುಕೊಂಡದ್ದು ಒಂದು ಡಯಾಲಿಸಿಸ್ ವಾರ್ಡಿನಲ್ಲಿ.

ಎರಡು ಸೂಜಿ

ನನ್ನ ಸೋದರಮಾವ ಕೋಲಾರದ ಕಡೆಯ ರೈತ. ಕಿಡ್ನಿ ಎರಡೂ ಕೈಕೊಟ್ಟ ಮೇಲೆ ಚಿಕಿತ್ಸೆಗೆ ಬೆಂಗಳೂರಿನ ನಮ್ಮ ಮನೆಗೆ ಬಂದು ಉಳಿದರು. ವಾರಕ್ಕೆ ಮೂರು ದಿನ ಡಯಾಲಿಸಿಸ್, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ರಜೆ ಸಿಕ್ಕಿದಾಗೆಲ್ಲ ನಾನು ಜೊತೆಗೆ ಹೋಗಿ ಕೂರುತ್ತಿದ್ದೆ. ಅವರ ಎಡಗೈಯಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಸೇರಿಸಿ ಹೊಲಿದ ಜಾಗ ಉಬ್ಬಿಕೊಂಡಿತ್ತು. ಫಿಸ್ಟುಲಾ ಎನ್ನುತ್ತಾರೆ. ಅದರ ಮೇಲೆ ಬೆರಳಿಟ್ಟರೆ ಜುಮ್ಮೆಂದು ನಡುಗುವುದು ಗೊತ್ತಾಗುತ್ತದೆ. ಆ ನಡುಕ ಇದ್ದರೆ ಸರಿ ಇದೆ ಎಂದರ್ಥ. ಮಾವ ಬೆಳಿಗ್ಗೆ ಎದ್ದ ತಕ್ಷಣ ಬಲಗೈ ಅಲ್ಲಿಟ್ಟು ನೋಡಿಕೊಳ್ಳುತ್ತಿದ್ದರು.

ವಾರ್ಡಿಗೆ ಹೋದ ಕೂಡಲೇ ಮೊದಲ ಕೆಲಸ ತೂಕ. ಕಳೆದ ಸಲ ಮುಗಿಸಿ ಎದ್ದಾಗ ಎಷ್ಟಿತ್ತು, ಈಗ ಎಷ್ಟಿದೆ. ಮಧ್ಯೆ ಏರಿದ ತೂಕ ಬಹುಪಾಲು ನೀರು. ಅಷ್ಟನ್ನು ಮಷೀನು ತೆಗೆಯಬೇಕು. ತೂಕ ಜಾಸ್ತಿ ಬಂದ ದಿನ ನಾನು ಕೇಳುತ್ತಿದ್ದೆ, "ಮಾವ, ನೀರು ಜಾಸ್ತಿ ಕುಡಿದ್ರಾ?" ಅವರು, "ಇಲ್ಲ ಕಣಪ್ಪ, ಮುದ್ದೆಗೆ ಸಾರು ಜಾಸ್ತಿ ಹಾಕ್ಕೊಂಡಿದ್ದು" ಎನ್ನುತ್ತಿದ್ದರು. ಸಾರೂ ಲೆಕ್ಕ, ಮಜ್ಜಿಗೆಯೂ ಲೆಕ್ಕ, ಮಾತ್ರೆ ನುಂಗುವ ಗುಟುಕು ನೀರೂ ಲೆಕ್ಕ. ನೋಡಲು ಬಂದ ನೆಂಟರು ಎಳನೀರು ತರುತ್ತಿದ್ದರು. ಕಾಯಿಲೆಯವರಿಗೆ ಎಳನೀರು ತಾನೇ ತರುವುದು? ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಇದ್ದವರಲ್ಲಿ ಅದು ಮೂತ್ರದಲ್ಲಿ ಹೋಗಿಬಿಡುತ್ತದೆ. ಇಲ್ಲದವರಲ್ಲಿ ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನು ಕೆಡಿಸುತ್ತದೆ. ಮೂಲೆಯಲ್ಲಿ ಸಾಲಾಗಿ ಇಟ್ಟ ಎಳನೀರಿನ ಕಾಯಿಗಳನ್ನು ಮಾವ ನೋಡಿ ಸುಮ್ಮನಾಗುತ್ತಿದ್ದರು. ಒಳ್ಳೆಯದೇ ಒಳಗೆ ಬರುತ್ತಿದೆ, ಹೊರಗೆ ಹೋಗುವ ದಾರಿ ಮುಚ್ಚಿದೆ, ಅದಕ್ಕೇ ಒಳ್ಳೆಯದು ವಿಷವಾಗಿದೆ.

ನೆಟ್ಟಗಿರುವ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರಿನಷ್ಟು ದ್ರವ ಸೋಸುತ್ತವೆ. ಅದರಲ್ಲಿ ಬಹುತೇಕ ಎಲ್ಲವನ್ನೂ ವಾಪಸು ರಕ್ತಕ್ಕೇ ಸೇರಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಕಳಿಸುತ್ತವೆ. ಈ ಕೆಲಸವನ್ನು ಮಷೀನು ಒರಟಾಗಿ ಮಾಡುತ್ತದೆ. ಕೈಗೆ ಎರಡು ಸೂಜಿ. ಒಂದರಿಂದ ರಕ್ತ ಹೊರಗೆ, ಇನ್ನೊಂದರಿಂದ ಒಳಗೆ. ಮಧ್ಯದಲ್ಲಿ ಕೂದಲಿನಷ್ಟು ಸಣ್ಣ ಸಾವಿರಾರು ಟೊಳ್ಳು ನಾಳಗಳ ಕೊಳವೆ. ನಾಳದ ಒಳಗೆ ರಕ್ತ, ಹೊರಗೆ ಶುದ್ಧ ಮಾಡಿದ ಲವಣದ ನೀರು. ಗೋಡೆಯ ರಂಧ್ರಗಳಲ್ಲಿ ಯೂರಿಯಾ ದಾಟುತ್ತದೆ, ರಕ್ತಕಣ ದಾಟುವುದಿಲ್ಲ. ನಿಮಿಷಕ್ಕೆ ಅರ್ಧ ಲೀಟರಿನಂತೆ ಆ ನೀರು ಹರಿಯುತ್ತಲೇ ಇರಬೇಕು. ಅಂದರೆ ಒಂದು ಸಲದ ಡಯಾಲಿಸಿಸ್‌ಗೆ ಹತ್ತಿರ ಹತ್ತಿರ 120 ಲೀಟರ್. ಮಷೀನಿನ ಹಿಂದೆ ಒಂದು ಪೈಪು ಇತ್ತು. ಕೆಲಸ ಮುಗಿದ ನೀರು ಅದರಲ್ಲಿ ಇಳಿದು ಗೋಡೆಯೊಳಗೆ ಹೋಗುತ್ತಿತ್ತು. ಮಾವ ಕಣ್ಣು ಮುಚ್ಚಿ ಮಲಗಿದಾಗ ನಾನು ಆ ಪೈಪನ್ನು ನೋಡುತ್ತಾ ಕೂತಿರುತ್ತಿದ್ದೆ.

ದೇಹ ಎಂಥ ಓಪನ್ ಸಿಸ್ಟಂ ಎಂದು ವಿಜ್ಞಾನಕ್ಕೆ ಕಣ್ಣಿಗೆ ಕಟ್ಟಿದಂತೆ ತೋರಿಸಿದವರಲ್ಲಿ ರುಡಾಲ್ಫ್ ಶೋನ್‌ಹೈಮರ್ ಮುಖ್ಯ. ಜರ್ಮನಿಯಿಂದ ಅಮೆರಿಕಕ್ಕೆ ಹೋದ ವಿಜ್ಞಾನಿ. 1930ರ ದಶಕದಲ್ಲಿ ಗುರುತು ಹಾಕಿದ ಭಾರದ ನೈಟ್ರೋಜನ್ ಇರುವ ಆಹಾರವನ್ನು ಇಲಿಗಳಿಗೆ ತಿನ್ನಿಸಿ ನೋಡಿದರು. ಇಲಿ ಬೆಳೆದು ನಿಂತಿದೆ, ತೂಕ ಬದಲಾಗುತ್ತಿಲ್ಲ. ತಿಂದದ್ದು ಸುಮ್ನೆ ಉರಿದು ಹೊರಗೆ ಹೋಗುತ್ತದೆ ಎಂದೇ ಆಗಿನ ಲೆಕ್ಕ. ಆದರೆ ಗುರುತಿನ ನೈಟ್ರೋಜನ್ ಇಲಿಯ ಮೈಯ ಪ್ರೋಟೀನಿನಲ್ಲೇ ಸಿಕ್ಕಿತು. ಮೈ ಕಟ್ಟಿದ ಸಾಮಾನೇ ದಿನವೂ ಬದಲಾಗುತ್ತಿತ್ತು. ನಮ್ಮ ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಕರುಳಿನ ಒಳಪದರ ಕೆಲವೇ ದಿನಗಳಲ್ಲಿ ಹೊಸದಾಗುತ್ತದೆ. ಆಕಾರ ನಿಂತಿರುತ್ತದೆ, ಸಾಮಾನು ಹರಿಯುತ್ತಿರುತ್ತದೆ.

ಇದಕ್ಕೊಂದು ಸಿದ್ಧಾಂತದ ರೂಪ ಕೊಟ್ಟವರು ವಿಯೆನ್ನಾ ಕಡೆಯ ಜೀವವಿಜ್ಞಾನಿ ಲುಡ್ವಿಗ್ ಫಾನ್ ಬರ್ಟಲನ್ಫಿ. ಶಾಖ, ಶಕ್ತಿಗಳ ಶಾಸ್ತ್ರವಾದ ಥರ್ಮೋಡೈನಮಿಕ್ಸ್‌ನ ಹಳೆಯ ನಿಯಮಗಳನ್ನು ಮುಚ್ಚಿದ ಡಬ್ಬಿಗಳಿಗೆಂದು ಬರೆದದ್ದು, ಜೀವಿಗಳಿಗೆ ಅವನ್ನು ಹಾಗೇ ಹಚ್ಚಿದರೆ ಸಾಲದು ಎನ್ನುವುದು ಅವರ ವಾದ. ಭೌತಶಾಸ್ತ್ರ ಮತ್ತು ಜೀವಶಾಸ್ತ್ರದ ಓಪನ್ ಸಿಸ್ಟಂಗಳ ಬಗ್ಗೆ ಅವರ ಲೇಖನ ಬಂದದ್ದು 1950ರಲ್ಲಿ. ಮುಚ್ಚಿದ ಡಬ್ಬಿ ಕೊನೆಗೆ ಸಮತೋಲಕ್ಕೆ ಬಂದು ತಣ್ಣಗಾಗುತ್ತದೆ. ಜೀವಿ ಎಂದೂ ಆ ಸಮತೋಲಕ್ಕೆ ಬರುವುದಿಲ್ಲ, ಬಂದರೆ ಸತ್ತಿತು ಎಂದೇ ಲೆಕ್ಕ. ಒಳಗೆ ಬರುವುದೂ ಹೊರಗೆ ಹೋಗುವುದೂ ಸರಿಸಮವಾಗಿರುವ ಒಂದು ಸ್ಥಿತಿಯಲ್ಲಿ ಅದು ನಿಂತಿರುತ್ತದೆ. ಅದಕ್ಕೂ ಮೊದಲೇ, 1943ರಲ್ಲಿ, ಭೌತವಿಜ್ಞಾನಿ ಶ್ರೋಡಿಂಗರ್ ಡಬ್ಲಿನ್‌ನಲ್ಲಿ ಮಾಡಿದ ಉಪನ್ಯಾಸಗಳಲ್ಲಿ ಇದನ್ನೇ ಇನ್ನೊಂದು ಕಡೆಯಿಂದ ಹಿಡಿದಿದ್ದರು. ಜೀವಿ ತನ್ನೊಳಗಿನ ಅಸ್ತವ್ಯಸ್ತವನ್ನು, ಅಂದರೆ ಎಂಟ್ರಪಿಯನ್ನು, ಹೊರಗೆ ಹಾಕುತ್ತಾ ತನ್ನ ಕ್ರಮವನ್ನು ಉಳಿಸಿಕೊಳ್ಳುತ್ತದೆ. 1977ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಇಲ್ಯಾ ಪ್ರಿಗೋಜಿನ್ ಇದನ್ನು ಗಣಿತದ ಭಾಷೆಯಲ್ಲಿ ಬಹಳ ದೂರ ಬೆಳೆಸಿದರು.

ಎಲ್ಲರೂ ಆಹಾರದ ಬಗ್ಗೆ ಮಾತಾಡುವಾಗ ಶ್ರೋಡಿಂಗರ್ ಹೊರಗೆ ಹಾಕುವುದರ ಬಗ್ಗೆ ಮಾತಾಡಿದರು ಎನ್ನುವುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಊಟ ಬಿಟ್ಟು ವಾರಗಟ್ಟಲೆ ಬದುಕಿದವರಿದ್ದಾರೆ. ಕಿಡ್ನಿ ಪೂರ್ತಿ ನಿಂತವರಿಗೆ ಡಯಾಲಿಸಿಸ್ ತಪ್ಪಿದರೆ ಹೆಚ್ಚು ದಿನ ಉಳಿಯುವುದಿಲ್ಲ.

ತೂಬು ಮತ್ತು ಕೋಡಿ

ಮಾವನ ಊರಿಗೆ ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಹೋಗುತ್ತಿದ್ದೆವು. ಕೆರೆ ಏರಿಯ ಮೇಲೆ ಅವರ ಹಿಂದೆ ನಡೆದದ್ದು ಚೆನ್ನಾಗಿ ನೆನಪಿದೆ. ಕೆರೆಯಲ್ಲಿ ನೀರಿರಲಿಲ್ಲ. ಅಂಗಳದಲ್ಲಿ ಜಾಲಿ ಬೆಳೆದಿತ್ತು, ದನ ಮೇಯುತ್ತಿದ್ದವು. ಏರಿಯ ಒಳಮಗ್ಗುಲಲ್ಲಿ ಎರಡು ಕಲ್ಲಿನ ಕಂಬ, ಅವುಗಳ ಮಧ್ಯೆ ಅಡ್ಡಕ್ಕೆ ತೂತು ಕೊರೆದ ಕಲ್ಲಿನ ಹಲಗೆಗಳು. ಅದೇ ತೂಬು. ಹಲಗೆಯ ತೂತಿನಲ್ಲಿ ಉದ್ದದ ಗಳು ಇಳಿಸಿರುತ್ತಿದ್ದರಂತೆ, ಗಳುವಿನ ತುದಿಗೆ ಬಿರಡೆ. ನೀರುಗಂಟಿ ಅದನ್ನು ಎತ್ತಿದರೆ ಗದ್ದೆಗೆ ನೀರು, ಇಳಿಸಿದರೆ ಬಂದ್. ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡುತ್ತಿದ್ದವನೂ ಅವನೇ.

ಏರಿಯ ತುದಿಯಲ್ಲಿ ಮಾವ ಕೋಡಿ ತೋರಿಸಿದರು. ಏರಿಗಿಂತ ತಗ್ಗಾಗಿ ಕಲ್ಲು ಹಾಸಿದ ಜಾಗ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಅಲ್ಲಿಂದ ಹೋಗಬೇಕು. "ಕೋಡಿ ಕೆಟ್ರೆ ಏರಿ ನಿಲ್ಲಲ್ಲ" ಎಂದು ಮಾವ ಹೇಳಿದ್ದರು. ಹೊರಗೆ ಹೋಗುವ ದಾರಿ ಕಟ್ಟಿದರೆ ನೀರು ಏರಿಯನ್ನೇ ಒಡೆದು ಹೋಗುತ್ತದೆ, ಆಮೇಲೆ ಕೆರೆಯೇ ಇರುವುದಿಲ್ಲ. "ಇಲ್ಲಿಂದ ಹೋದ ನೀರು ಎಲ್ಲಿಗೆ ಹೋಗುತ್ತೆ ಮಾವ?" ಎಂದು ಕೇಳಿದ್ದಕ್ಕೆ ಅವರು ಕೈ ಚಾಚಿ ಕೆಳಗಿನ ಊರಿನ ಕೆರೆ ತೋರಿಸಿದರು. ಅದರ ಕೋಡಿ ಅದರ ಕೆಳಗಿನದಕ್ಕೆ. ಹಾಗೆ ಸರಪಳಿಯಂತೆ. ನಮ್ಮ ಬಯಲುಸೀಮೆಯ ಕೆರೆಗಳು ಬಹುತೇಕ ಹೀಗೇ ಕಟ್ಟಿದವು.

ಪಿಯುಸಿ ಪುಸ್ತಕದಲ್ಲಿ ಕಾಣೆಯಾಗಿದ್ದ ಕೋಣೆ ಇಲ್ಲಿ ಕಣ್ಣೆದುರಿಗೇ ಇತ್ತು. ನಮ್ಮೂರ ಕೆರೆಯಿಂದ ಹೊರಟ ಬಾಣ ಖಾಲಿ ಜಾಗಕ್ಕೆ ಹೋಗುವುದಿಲ್ಲ. ಅದು ಮುಂದಿನ ಊರಿನ ಒಳಬರುವ ಬಾಣ. ಕೆರೆ ಕಟ್ಟಿದವರಿಗೆ ಇದು ಗೊತ್ತಿತ್ತು. ಮೇಲಿನ ಊರಿನವರು ಕೋಡಿಯ ಕಲ್ಲನ್ನು ಒಂದು ಮೊಳ ಎತ್ತರಿಸಿದರೆ ಕೆಳಗಿನ ಊರಿಗೆ ನೀರು ಕಡಿಮೆ. ಕೋಡಿ ಎತ್ತರದ ವಿಚಾರಕ್ಕೆ ಊರೂರುಗಳ ಮಧ್ಯೆ ಜಗಳ ಆಗುತ್ತಿದ್ದದ್ದು ಸುಮ್ನೆ ಅಲ್ಲ. ಇನ್ನೊಂದು ಮಾತು. ಏರಿ ಇಲ್ಲದಿದ್ದರೆ ಅಲ್ಲಿ ಕೆರೆಯೇ ಇರುತ್ತಿರಲಿಲ್ಲ, ಮಳೆ ನೀರು ಹರಿದುಹೋಗುವ ಇಳಿಜಾರು ಇರುತ್ತಿತ್ತು ಅಷ್ಟೆ. ಓಪನ್ ಎಂದರೆ ಗಡಿ ಇಲ್ಲದಿರುವುದು ಎಂದು ಬಹಳ ಜನ ತಿಳಿದಿದ್ದಾರೆ. ಗಡಿ ಇರಬೇಕು, ಅದರಲ್ಲಿ ಎಲ್ಲಿ ಏನು ದಾಟಬೇಕು ಎನ್ನುವ ವ್ಯವಸ್ಥೆಯೂ ಇರಬೇಕು. ಡಯಾಲಿಸಿಸ್ ನಾಳದ ಗೋಡೆಗೂ ಇದೇ ಮಾತು. ಗೋಡೆ ಹರಿದರೆ ರಕ್ತವೇ ಚರಂಡಿಗೆ.

ಗುಡ್ಡದ ಮೇಲಿನ ಊರು

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಹತ್ತಿರದಲ್ಲಿ ದೊಡ್ಡ ನದಿ ಇಲ್ಲ. 1896ರಲ್ಲಿ ಹೆಸರಘಟ್ಟದಿಂದ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಾಗಿ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಶುರುವಾದ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರಿನದ್ದು. ಪ್ರತಿಯೊಂದು ಹಂತಕ್ಕೂ ಉದ್ಘಾಟನೆ ಆಯಿತು, ಪೇಪರಿನಲ್ಲಿ ಫೋಟೋ ಬಂತು. ಒಳಗೆ ಬರುವ ಬಾಣಕ್ಕೆ ಯಾವಾಗಲೂ ಉದ್ಘಾಟನೆ ಇರುತ್ತದೆ.

ಬಂದ ನೀರಿನಲ್ಲಿ ಬಹುಪಾಲು ಕೊಳಚೆಯಾಗಿ ಹೊರಡುತ್ತದೆ. ಊರು ಇರುವುದು ದಿಣ್ಣೆಯ ಮೇಲೆ. ಪಶ್ಚಿಮಕ್ಕೆ ಇಳಿದದ್ದು ವೃಷಭಾವತಿ ಸೇರಿ, ಅರ್ಕಾವತಿ ಸೇರಿ, ಮತ್ತೆ ಕಾವೇರಿಗೆ. ಪೂರ್ವಕ್ಕೆ ಇಳಿದದ್ದು ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ತಮಿಳುನಾಡಿಗೆ. ಕಾವೇರಿಯಿಂದ ತಂದ ನೀರು ಬೇರೆಯೇ ನದಿಗೆ ಹೋಗಿ ಬೀಳುತ್ತಿದೆ. 2015ರಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿದಾಗ ದೇಶವೆಲ್ಲ ನೋಡಿತು. ಮನೆಮನೆಯ ಸೋಪಿನ ಪುಡಿ, ಶುದ್ಧವಾಗದೆ ಹರಿದ ಕೊಳಚೆ, ಕೋಡಿಯಲ್ಲಿ ಬೀಳುವಾಗ ಕಡೆದು ಎದ್ದ ನೊರೆ. ಹೊಸೂರಿನ ಹತ್ತಿರದ ಕೆಲವರಪಲ್ಲಿ ಅಣೆಕಟ್ಟಿನಲ್ಲೂ ನೊರೆ ಏಳುತ್ತದೆ. ಅಲ್ಲಿಯ ರೈತರಿಗೆ ಬೆಂಗಳೂರು ಎಂದರೆ ಮೊದಲು ಆ ನೊರೆ.

ಅರ್ಥಶಾಸ್ತ್ರಜ್ಞ ಕೆನೆತ್ ಬೋಲ್ಡಿಂಗ್ 1966ರಲ್ಲಿ ಹೇಳಿದ್ದು ಈ ಸ್ಥಿತಿಗೆ ಸರಿಯಾಗಿ ಹೊಂದುತ್ತದೆ. ಓಪನ್ ಆರ್ಥಿಕತೆ ಎಂದರೆ ಅವರ ಪ್ರಕಾರ ಮುಂದೆ ಇನ್ನೂ ಬಯಲಿದೆ, ಬೇಕಾದ್ದನ್ನು ಅಲ್ಲಿಂದ ತರಬಹುದು, ಬೇಡವಾದ್ದನ್ನು ಅಲ್ಲಿಗೆ ಎಸೆಯಬಹುದು ಎಂದು ನಂಬಿದ ಆರ್ಥಿಕತೆ. ಭೂಮಿ ಒಂದು ಅಂತರಿಕ್ಷ ನೌಕೆ ಎಂದು ತಿಳಿದು ಬಾಳುವ ಕಾಲ ಬಂದಿದೆ ಎಂದರು. ಬರ್ಟಲನ್ಫಿಗೆ ಓಪನ್ ಎನ್ನುವುದು ಜೀವದ ಗುಟ್ಟು, ಬೋಲ್ಡಿಂಗ್‌ಗೆ ಅದೇ ಒಂದು ಭ್ರಮೆ. ಇಬ್ಬರೂ ಸರಿ. ಒಂದು ಜೀವಿ ತೆರೆದುಕೊಂಡಿರಬೇಕಾದರೆ ಅದು ಹೊರಹಾಕಿದ್ದನ್ನು ತೆಗೆದುಕೊಳ್ಳುವ ಜಾಗ ಇರಬೇಕು. ಬೋಲ್ಡಿಂಗ್ ಆ ಜಾಗವನ್ನು ಅಳೆದು ನೋಡಿದರು, ಅಷ್ಟೇ.

ಭೂಮಿಯನ್ನೇ ತೆಗೆದುಕೊಳ್ಳಿ. ವಸ್ತುವಿನ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಮುಚ್ಚಿದ ಪಾತ್ರೆ. ಶಕ್ತಿಯ ಲೆಕ್ಕದಲ್ಲಿ ತೆರೆದದ್ದು. ಬಿಸಿಲು ಬರುತ್ತದೆ, ಹತ್ತಿರ ಹತ್ತಿರ ಅಷ್ಟೇ ಶಕ್ತಿ ಇನ್‌ಫ್ರಾರೆಡ್ ಕಿರಣವಾಗಿ ವಾಪಸು ಆಕಾಶಕ್ಕೆ ಹೋಗುತ್ತದೆ. ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಸೂರ್ಯನಿಂದ ಬರುವುದು ಹೆಚ್ಚಾಗುವುದಿಲ್ಲ. ಹೊರಗೆ ಹೋಗುವುದು ಕಷ್ಟವಾಗುತ್ತದೆ. ಹೋಗುವ ಶಕ್ತಿ ಮತ್ತೆ ಬರುವುದಕ್ಕೆ ಸಮನಾಗುವ ತನಕ ಭೂಮಿ ಬಿಸಿಯಾಗುತ್ತಲೇ ಇರುತ್ತದೆ. ಹವಾಮಾನದ ಇಡೀ ಸಂಕಟ ಹೊರದಾರಿಯ ಸಂಕಟ.

ಅರ್ಕಾವತ್ತು ಎಲ್ಲಿದೆ

ನನ್ನ ಹೊಟ್ಟೆಪಾಡಿನ ಕ್ಷೇತ್ರಕ್ಕೆ ಬರುತ್ತೇನೆ. 1970, 80ರ ದಶಕದಲ್ಲಿ ಒಂದೊಂದು ಕಂಪನಿಯ ಕಂಪ್ಯೂಟರಿಗೂ ಅದರದೇ ಆಪರೇಟಿಂಗ್ ಸಿಸ್ಟಂ, ಅದರದೇ ನೆಟ್‌ವರ್ಕ್. ಐಬಿಎಂನವರ ಎಸ್‌ಎನ್‌ಎ ಒಂದು ಕಡೆ, ಡಿಜಿಟಲ್ ಕಂಪನಿಯ ಡೆಕ್‌ನೆಟ್ ಇನ್ನೊಂದು ಕಡೆ. ಒಂದರಲ್ಲಿ ಬರೆದ ಪ್ರೋಗ್ರಾಮು ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಆ ಕಾಲದಲ್ಲಿ ಓಪನ್ ಸಿಸ್ಟಂ ಎಂದರೆ ಒಳಗಿನ ಕೋಡು ಎಲ್ಲರಿಗೂ ಕಾಣುತ್ತದೆ ಎಂದಲ್ಲ. ಒಳಗೆ ಹೇಗಾದರೂ ಇರಲಿ, ಹೊರಗಿನವರು ಬಂದು ಸೇರುವ ಜಾಗದ ನಿಯಮ ಎಲ್ಲರಿಗೂ ತಿಳಿದಿರಬೇಕು ಎಂದು. ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1984ರಲ್ಲಿ ನೆಟ್‌ವರ್ಕಿಗೆ ಏಳು ಪದರಗಳ ಮಾದರಿ ಹೊರಡಿಸಿತು, ಹೆಸರಿನಲ್ಲೇ ಓಪನ್ ಸಿಸ್ಟಮ್ಸ್ ಇತ್ತು. 1988ರಲ್ಲಿ ಯೂನಿಕ್ಸ್ ಮಾದರಿಯ ಸಿಸ್ಟಂಗಳಿಗೆ ಪೋಸಿಕ್ಸ್ ನಿಯಮ ಬಂತು. ಅಷ್ಟರಲ್ಲಿ 1983ರ ಜನವರಿ 1ರಂದೇ ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್ ಪೂರ್ತಿಯಾಗಿ ಟಿಸಿಪಿ/ಐಪಿ ಎಂಬ ಸಂಪರ್ಕ ನಿಯಮಗಳಿಗೆ ಬದಲಾಗಿತ್ತು. ಏಳು ಪದರ ಪಾಠದಲ್ಲಿ ಉಳಿಯಿತು, ಟಿಸಿಪಿ/ಐಪಿ ಜಗತ್ತನ್ನು ನಡೆಸಿತು. ಓಪನ್ ಸೋರ್ಸ್ ಎನ್ನುವ ಹೆಸರು ಚಾಲ್ತಿಗೆ ಬಂದದ್ದು 1998ರಲ್ಲಿ, ಅದು ಬೇರೆ ಕಥೆ.

ಈ ವಿಷಯ ಕನ್ನಡದವರಿಗೆ ಚೆನ್ನಾಗಿ ಅರ್ಥವಾಗಬೇಕು. ನಾವು ಅದನ್ನು ಅನುಭವಿಸಿದ್ದೇವೆ. ಗೆಳೆಯರೊಬ್ಬರು ತಮ್ಮ ತಂದೆಯ ಕತೆಗಳನ್ನು ಪುಸ್ತಕ ಮಾಡಬೇಕೆಂದು ಹಳೆಯ ಸಿಡಿ ತಂದುಕೊಟ್ಟಿದ್ದರು. ಊರಿನ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದು. ಫೈಲ್ ತೆರೆದರೆ ತಲೆ ಮೇಲೆ ಗೆರೆ ಇರುವ, ಚುಕ್ಕಿ ಇರುವ ರೋಮನ್ ಅಕ್ಷರಗಳು, ಮಧ್ಯೆ ಮಧ್ಯೆ ಪೌಂಡಿನ ಗುರುತು. ಕನ್ನಡದ ಒಂದು ಅಕ್ಷರವೂ ಇಲ್ಲ. ಆಗಿನ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ತಲಕಟ್ಟು ಒಂದು ತುಂಡು, ಗುಡಿಸು ಒಂದು ತುಂಡು. ಒಂದೊಂದು ಫಾಂಟಿನವರದೂ ಒಂದೊಂದು ಹಂಚಿಕೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಆ ರೋಮನ್ ಗೋಜಲು. ಬರೆದದ್ದು ಒಳಗೆ ಹೋಯಿತು, ಹೊರಗೆ ಬರುವ ದಾರಿ ಇಲ್ಲ.

ಎಲ್ಲ ಭಾಷೆಯ ಒಂದೊಂದು ಅಕ್ಷರಕ್ಕೂ ಎಲ್ಲ ಕಡೆ ಒಂದೇ ಸಂಕೇತ ಕೊಡುವ ಯೂನಿಕೋಡ್‌ಗೆ ಬದಲಾಯಿಸುವ ಕನ್ವರ್ಟರುಗಳನ್ನು ಕನ್ನಡದ ಉತ್ಸಾಹಿಗಳು ಮಾಡಿಟ್ಟಿದ್ದಾರೆ. ಅದರಲ್ಲಿ ಹಾಕಿದೆ. ಬಹಳಷ್ಟು ಸರಿಯಾಗಿ ಬಂತು. ಅರ್ಕಾವತ್ತು ಮಾತ್ರ ಅಲ್ಲಲ್ಲಿ ಕೆಟ್ಟಿತ್ತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತದೆ. ಅಂದರೆ 'ಧರ್ಮ' ಎನ್ನುವಲ್ಲಿ ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಕ್ರಮ: ಧ, ರ್, ಮ. ಕನ್ವರ್ಟರು ಪ್ರತಿ ಅರ್ಕಾವತ್ತನ್ನೂ ಹಿಡಿದು, ಅದು ಯಾವ ಅಕ್ಷರದ ಹಿಂದಕ್ಕೆ ಹೋಗಬೇಕು ಎಂದು ಲೆಕ್ಕ ಹಾಕಿ, ಅಲ್ಲಿ ಕೂರಿಸಬೇಕು. ಒತ್ತಕ್ಷರವೂ ದೀರ್ಘವೂ ಜೊತೆಗಿದ್ದರೆ ಲೆಕ್ಕ ತಪ್ಪುತ್ತದೆ. ನಾನೂ ಗೆಳೆಯರೂ ಸಾಲು ಸಾಲಾಗಿ ಓದಿ ತಿದ್ದಿದೆವು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಭಾರತದಲ್ಲೇ ರೂಪಿಸಿದ ಇಸ್ಕಿ ಎಂಬ ಸಂಕೇತ ಅದಕ್ಕೆ ಆಧಾರ. ವಿಂಡೋಸ್ ಎಕ್ಸ್‌ಪಿ ಜೊತೆ 2001ರಲ್ಲಿ ತುಂಗಾ ಫಾಂಟ್ ಬಂತು. ನಿಯಮ ಬಂದು ಎಷ್ಟೋ ವರ್ಷ ಆದ ಮೇಲೂ ನಾವು ಹಳೆಯ ಫಾಂಟುಗಳಲ್ಲೇ ಟೈಪ್ ಮಾಡುತ್ತಿದ್ದೆವು. ಎಷ್ಟು ಊರುಗಳ ಎಷ್ಟು ಬರಹ ಈಗಲೂ ಆ ಸಿಡಿಗಳಲ್ಲಿ ಸಿಕ್ಕಿಹಾಕಿಕೊಂಡಿದೆಯೋ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ನನ್ನ ಪಾಲಿಗೆ ಇಲ್ಲಿಯೂ ಪ್ರಶ್ನೆ ಅದೇ. ಸಾಫ್ಟ್‌ವೇರ್ ಮಾರುವವರು ನಮ್ಮ ಡೇಟಾ ಒಳಗೆ ತರುವ ಬಟನ್ ಮುಂಬಾಗಿಲಲ್ಲೇ ಇಡುತ್ತಾರೆ. ಹೊರಗೆ ತೆಗೆದುಕೊಂಡು ಹೋಗುವ ದಾರಿ ಎಲ್ಲಿದೆ, ತೆಗೆದದ್ದನ್ನು ಇನ್ನೊಂದು ಕಡೆ ಓದಬಹುದಾ ಎನ್ನುವುದನ್ನು ನೋಡಿದರೆ ಅದು ಎಷ್ಟು ಓಪನ್ ಎಂದು ಗೊತ್ತಾಗುತ್ತದೆ.

ಗೋಡೆ ಹಾಕಲಾಗದ ಪ್ರಯೋಗ

ತತ್ತ್ವಶಾಸ್ತ್ರದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಬ್ರಿಟನ್ನಿನ ರಾಯ್ ಭಾಸ್ಕರ್ 1975ರಲ್ಲಿ ಒಂದು ಸರಳವಾದ ಮಾತು ಹೇಳಿದರು. ವಿಜ್ಞಾನಿ ಪ್ರಯೋಗಶಾಲೆಯಲ್ಲಿ ಮಾಡುವುದೇನು? ಹೊರಗಿನ ಪ್ರಭಾವಗಳನ್ನೆಲ್ಲ ತಡೆದು ಒಂದು ಮುಚ್ಚಿದ ಜಾಗ ಮಾಡಿಕೊಳ್ಳುತ್ತಾನೆ. ಅಲ್ಲಿ ಒಂದು ಕಾರಣಕ್ಕೆ ಒಂದು ಫಲ. ಹೊರಗಿನ ಲೋಕ ಓಪನ್. ಅಲ್ಲಿ ಹತ್ತು ಕಾರಣಗಳು ಒಟ್ಟಿಗೆ ಕೆಲಸ ಮಾಡುತ್ತವೆ, ನಿಯಮ ಸುಳ್ಳಾಗುವುದಿಲ್ಲ, ಆದರೆ ಒಂಟಿಯಾಗಿ ಎಂದೂ ಕಾಣಿಸುವುದಿಲ್ಲ. 1994ರಲ್ಲಿ ವಿಜ್ಞಾನದ ಇತಿಹಾಸಕಾರ್ತಿ ನವೋಮಿ ಓರೆಸ್ಕಿಸ್ ಮತ್ತು ಇಬ್ಬರು ಸಂಗಡಿಗರು ಅಂತರ್ಜಲದಂಥ ನೈಸರ್ಗಿಕ ವ್ಯವಸ್ಥೆಗಳ ಕಂಪ್ಯೂಟರ್ ಮಾದರಿಗಳ ಬಗ್ಗೆ ಇದೇ ಧಾಟಿಯಲ್ಲಿ ಬರೆದರು. ನೆಲದೊಳಗಿನ ನೀರಿಗೆ ಗೋಡೆ ಇಲ್ಲ. ಅದರ ಮಾದರಿ ಪೂರ್ತಿ ಸರಿ ಎಂದು ಯಾರೂ ಸಾಬೀತು ಮಾಡಲಾಗದು. ಮಾದರಿ ಬೇಡ ಎಂದಲ್ಲ. ಅಳೆಯುತ್ತಲೇ ಇರಬೇಕು, ತಿದ್ದುತ್ತಲೇ ಇರಬೇಕು.

ಇದು ನನಗೆ ಬರೀ ತತ್ತ್ವವಾಗಿ ಉಳಿಯಲಿಲ್ಲ. ಮಾವನ ಊರಿನ ಕೆರೆಯಲ್ಲಿ ಈಗ ನೀರಿದೆ.

ಲಕ್ಷ್ಮೀಸಾಗರದಿಂದ ಕೆಳಕ್ಕೆ

ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿ ಹೋದರೂ ನೀರಿಲ್ಲ ಎನ್ನುವುದು ಅಲ್ಲಿಯ ದಿನದ ಮಾತು. ಸಿಕ್ಕ ನೀರಿನಲ್ಲೂ ಎಷ್ಟೋ ಕಡೆ ಫ್ಲೋರೈಡ್. 2018ರಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಪೈಪಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು. ಯೋಜನೆ ದಿನಕ್ಕೆ 44 ಕೋಟಿ ಲೀಟರಿನದ್ದು. ಅಲ್ಲಿಂದ ಮುಂದೆ ಹಳೆಯ ಕೋಡಿ, ಹಳೆಯ ಕಾಲುವೆಗಳ ಮೂಲಕ ಕೆರೆಯಿಂದ ಕೆರೆಗೆ ನೀರು ತಾನಾಗಿಯೇ ಇಳಿಯುತ್ತದೆ. ಗುರಿ ನೂರಕ್ಕೂ ಹೆಚ್ಚು ಕೆರೆ. ನೀರನ್ನು ನೇರ ಕುಡಿಯುವುದಕ್ಕಲ್ಲ, ಅಂತರ್ಜಲ ತುಂಬುವುದಕ್ಕೆ. ಸಂಸ್ಕರಣೆ ಎರಡನೇ ಹಂತದ ತನಕ, ಅಂದರೆ ಸೂಕ್ಷ್ಮಜೀವಿಗಳಿಂದ ಕೊಳೆ ಒಡೆಸುವ ತನಕ. ಬಂದ ಹೊಸತರಲ್ಲೇ ನೊರೆ ಕಾಣಿಸಿಕೊಂಡು ದೊಡ್ಡ ಸುದ್ದಿಯಾಯಿತು. ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಇನ್ನೂ ಸೂಕ್ಷ್ಮವಾಗಿ ಸೋಸುವ ಮೂರನೇ ಹಂತದ ಸಂಸ್ಕರಣೆ ಬೇಕು ಎಂದು ಕೋಲಾರದವರು ಕೇಳುತ್ತಾ ಬಂದಿದ್ದಾರೆ.

ಮಾವನ ಆಸ್ಪತ್ರೆ ಇದ್ದದ್ದು ಬೆಂಗಳೂರಿನ ಪೂರ್ವಕ್ಕೆ ಇಳಿಯುವ ಭಾಗದಲ್ಲಿ. ಮಷೀನಿನ ಹಿಂದಿನ ಪೈಪಿನಲ್ಲಿ ಇಳಿದ ನೀರು ಆ ಕಣಿವೆಗೇ ಹೋಗಿರಬೇಕು. ಅಂದರೆ ಅವರ ಮೈಯಿಂದ ತೆಗೆದ ಯೂರಿಯಾ, ಉಪ್ಪು, ಕಾವೇರಿಯ ನೀರಿನ ಜೊತೆ ಸೇರಿ, ಸಂಸ್ಕರಣಾ ಘಟಕ ದಾಟಿ, ಅವರ ಜಿಲ್ಲೆಯ ಕೆರೆಗಳಿಗೇ ಬಂದಿರಬಹುದು. ಬೇಸರಪಡುವ ವಿಷಯ ಇದಲ್ಲ. ಯೂರಿಯಾವನ್ನು ಸೂಕ್ಷ್ಮಜೀವಿಗಳು ಒಡೆಯುತ್ತವೆ, ನೀರು ಸುತ್ತು ಹೊಡೆಯಬೇಕಾದದ್ದೇ. ಕೆಲಸ ಮುಗಿದ ನೀರನ್ನು ತಮಿಳುನಾಡಿನ ಕಡೆ ನೊರೆಯಾಗಿ ತಳ್ಳುವುದಕ್ಕಿಂತ ಸೋಸಿ ಒಣಗಿದ ಕೆರೆಗೆ ಬಿಡುವುದು ಒಳ್ಳೆಯದು. ನಾನು ಈ ಯೋಜನೆಯ ಪರ. ಒಣಗಿದ್ದ ಬಾವಿಗಳಲ್ಲಿ ನೀರು ಕಂಡ ರೈತರ ಮುಖ ನೋಡಿದ್ದೇನೆ.

ಕಳೆದ ಸಲ ಊರಿಗೆ ಹೋದಾಗ ಏರಿಯ ಮೇಲೆ ಮಾವ ಕೇಳಿದರು, "ಈ ನೀರು ಹಾಯಿಸಿದ ತರಕಾರಿ ಮಕ್ಕಳಿಗೆ ಕೊಡಬಹುದಾ? ಬೋರಿಗೆ ಇಳಿದ ಮೇಲೆ ಕುಡೀಬಹುದಾ?" ಇದಕ್ಕೆ ಒಂದೇ ಸಲ ಪರೀಕ್ಷೆ ಮಾಡಿ ಹೌದು ಅಥವಾ ಇಲ್ಲ ಎನ್ನುವ ಹಾಗಿಲ್ಲ. ಘಟಕದಲ್ಲಿ ಕರೆಂಟು ಹೋದ ದಿನದ ನೀರು ಬೇರೆ. ಮಳೆಗಾಲದ ನೀರು ಬೇರೆ. ಯಾವುದೋ ಕಾರ್ಖಾನೆ ರಾತ್ರಿ ಮೋರಿಗೆ ಬಿಟ್ಟದ್ದು ಸೇರಿದ ವಾರದ ನೀರು ಬೇರೆ. ನೆಲಕ್ಕೆ ಇಳಿದ ಮೇಲೆ ಅದು ಯಾವ ಬಂಡೆಯ ಬಿರುಕಿನಲ್ಲಿ ಯಾವ ಊರಿನ ಬಾವಿ ಸೇರುತ್ತದೆ ಎಂದು ಮೊದಲೇ ಪೂರ್ತಿ ಹೇಳಲಾಗದು.

ಹಾಗಾಗಿ ಕಂಪ್ಯೂಟರಿನವರ ಓಪನ್ ಇಲ್ಲಿಗೂ ಬರಬೇಕು. ಪೈಪು ಕೆರೆಗೆ ಬೀಳುವ ಜಾಗದಲ್ಲಿ ಒಂದು ಅಳತೆ, ಒಂದೊಂದು ಕೆರೆಯ ಕೋಡಿಯಲ್ಲೂ ಒಂದು ಅಳತೆ, ಸುತ್ತಲಿನ ಬಾವಿಗಳಲ್ಲಿ ಒಂದು ಅಳತೆ. ನೈಟ್ರೇಟ್ ಎಷ್ಟು, ಭಾರಲೋಹ ಎಷ್ಟು, ರೋಗಾಣು ಎಷ್ಟು. ಸಲಕ್ಕೊಂದು ನಮೂನೆಯ ಪಿಡಿಎಫ್‌ನಲ್ಲಿ ಬೇಡ, ಯಾರು ಬೇಕಾದರೂ ತೆಗೆದುಕೊಂಡು ಹೋಲಿಸಿ ನೋಡಬಹುದಾದ ಒಂದೇ ನಮೂನೆಯಲ್ಲಿ ಬೇಕು, ಹಳೆಯ ವರ್ಷಗಳದ್ದೂ ಸೇರಿ. ನೆಟ್ ನೋಡದವರಿಗೆ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ, ಹಾಲು ಡೈರಿಯ ಬೋರ್ಡಿನ ಪಕ್ಕ, ಕನ್ನಡದಲ್ಲಿ, ತಾರೀಖು ಸಮೇತ. ಡೈರಿಯಲ್ಲಿ ಪ್ರತಿದಿನ ಹಾಲಿನ ಫ್ಯಾಟ್ ಎಷ್ಟು ಎಂದು ನೋಡಿ ಲೆಕ್ಕ ಕೇಳುವ ಹೆಂಗಸರಿಗೆ ನೀರಿನ ನೈಟ್ರೇಟ್ ಓದುವುದು ಕಷ್ಟವೇನಲ್ಲ. ಮಾವನಿಗೆ ಆ ದಿನ ನಾನು ಹೇಳಿದ್ದು ಇಷ್ಟೇ: ಬೋರಿನ ನೀರು ಪರೀಕ್ಷೆಗೆ ಕೊಡೋಣ, ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ ಕೊಡೋಣ, ಪಂಚಾಯಿತಿಯಲ್ಲಿ ಕೆರೆಯ ಲೆಕ್ಕ ಕೇಳಿ ಅರ್ಜಿ ಹಾಕೋಣ. "ಹಾಕು, ನಾನೂ ಬರ್ತೀನಿ" ಎಂದರು. ಡಯಾಲಿಸಿಸ್ ಇಲ್ಲದ ದಿನ ನೋಡಿ ಹೋಗುವುದೆಂದು ಮಾತಾಯಿತು.